ಕೊಟ್ಟ ಅಕ್ಷರಗಳಿರುವ ಕನ್ನಡ ಪದಗಳನ್ನು ಹುಡುಕುವ ಬಗೆ

ಪದಬಂಧದಲ್ಲಿ ಮೂರು ಮನೆಗಳ ಸಾಲೊಂದಿದ್ದು, ಅದರ ನಡುವಿನ ಮನೆಯಲ್ಲಿ ‘ನ್ನ’ ಎಂಬ ಅಕ್ಷರ ಈಗಾಗಲೇ ಬಂದಿದೆ ಎಂದಿಟ್ಟುಕೊಳ್ಳಿ. ಕನ್ನಡ, ಕನ್ನಡಿ, ಮನ್ನಣೆ, ಬೆನ್ನಟ್ಟು ಎಂಬ ಪದಗಳು ಅಭ್ಯಾಸವಿರುವವರಿಗೆ ತಟ್ಟನೆ ಹೊಳೆಯುತ್ತವೆ. ಅಂಥ ಪದಗಳನ್ನೆಲ್ಲ ಒಂದೂ ಬಿಡದಂತೆ ಕಲೆಹಾಕಬೇಕಾದರೆ ಮಾತ್ರ ಒಂದು ಪದಪಟ್ಟಿ, ಕಂಪ್ಯೂಟರ್ ಹಾಗೂ ಕನ್ನಡದ ಬರವಣಿಗೆಗೆ ಹೊಂದುವ ಒಂದು ಕ್ರಮ ಬೇಕಾಗುತ್ತದೆ.

ಕ್ರಮದ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಾವು ಅಕ್ಷರವೆಂದು ಎಣಿಸುವುದನ್ನು ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ‘ಕನ್ನಡ’ ನಮಗೆ ಮೂರಕ್ಷರದ ಪದ; ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಪದ್ಧತಿಯಾದ ಯುನಿಕೋಡ್‌ನಲ್ಲಿ ಅದು ಕ, ನ, ಹಲಂತ ಚಿಹ್ನೆ (್), ನ, ಡ ಎಂಬ 5 ಸಂಕೇತಗಳ ಸರಣಿ. ‘ಸಾಹಿತ್ಯ’ವೂ ನಮಗೆ ಮೂರೇ ಅಕ್ಷರ, ಆದರೆ ಅಲ್ಲಿ 7 ಸಂಕೇತಗಳಿವೆ. ಹಾಗಾಗಿ ಇಂಗ್ಲಿಷ್ ಪದಗಳಿಗಾಗಿ ರೂಪಿಸಿದ ಸಾಧನವೊಂದನ್ನು ಮೂರಕ್ಷರದ ಪದ ಕೊಡೆಂದು ಕೇಳಿದರೆ ಅದು ‘ಕನ್ನಡ’ವನ್ನು ಬಿಟ್ಟು, ಎರಡೇ ಅಕ್ಷರದ ‘ಮನೆ’ಯನ್ನು ತಂದುಕೊಡುತ್ತದೆ. ಈ ಅಂತರವನ್ನು ಮೊದಲೇ ಸರಿಪಡಿಸಿಕೊಂಡರೆ ಮುಂದಿನ ಹುಡುಕಾಟವೆಲ್ಲ ಸಲೀಸಾಗುತ್ತದೆ.

ಮೊದಲು ಪದಪಟ್ಟಿಯನ್ನು ಹೊಂದಿಸಿಕೊಳ್ಳಬೇಕು. ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1,50,000ಕ್ಕೂ ಹೆಚ್ಚು ಪದಗಳಿದ್ದು, ಅದರ ದತ್ತಾಂಶ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ. ಮನೆಬಳಕೆಯ ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಟ್ಟಿ ನಿಮ್ಮಲ್ಲಿದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಪದಗಳನ್ನು ಲೆಕ್ಕಹಾಳೆಯ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನ ಹಾಳೆಯಲ್ಲಿ ಸಾಲಿಗೊಂದರಂತೆ ಮೊದಲ ಕಂಬಸಾಲಿನಲ್ಲಿ ಇಟ್ಟು, ಅದನ್ನೇ ಎರಡನೆಯ ಕಂಬಸಾಲಿಗೂ ನಕಲು ಮಾಡಿ. ಎರಡನೆಯದನ್ನು ಮಾತ್ರ ಆಯ್ದು, ಹುಡುಕಿ ಬದಲಿಸುವ ಕಿಟಕಿಯನ್ನು ತೆರೆದು, ಅದರಲ್ಲಿ ಅಕ್ಷರಗಳ ವಿನ್ಯಾಸವನ್ನು ಹುಡುಕುವ ‘ರೆಗ್ಯುಲರ್ ಎಕ್ಸ್‌ಪ್ರೆಶನ್ಸ್’ ಆಯ್ಕೆಗೂ ಆಯ್ದ ಭಾಗದಲ್ಲಷ್ಟೇ ಹುಡುಕುವ ಆಯ್ಕೆಗೂ ಗುರುತು ಹಾಕಿ. ಹುಡುಕಬೇಕಾದ ಜಾಗದಲ್ಲಿ ಹೀಗೆ ಬರೆಯಿರಿ:

(?<!್)([ಅ-ಔಕ-ಹ])

ಬದಲಿಸುವ ಜಾಗದಲ್ಲಿ ಹೀಗೆ:

/$1

ಹಿಂದೆ ಹಲಂತ ಚಿಹ್ನೆ ಇಲ್ಲದ ಪ್ರತಿಯೊಂದು ಸ್ವರ ಅಥವಾ ವ್ಯಂಜನದ ಮುಂಚೆ ಒಂದು ಓರೆಗೆರೆಯನ್ನು ಹಾಕು ಎಂಬುದು ಇದರ ಅರ್ಥ. ಎಲ್ಲವನ್ನೂ ಬದಲಿಸಿದ ಮೇಲೆ ಎರಡನೆಯ ಕಂಬಸಾಲಿನಲ್ಲಿ /ಕ/ನ್ನ/ಡ, /ಸಾ/ಹಿ/ತ್ಯ, /ಬ/ಸ್ ಎಂಬಂತೆ ಪದಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒತ್ತಕ್ಷರ ಒಡೆಯುವುದಿಲ್ಲ, ಅನುಸ್ವಾರ ತನ್ನ ಹಿಂದಿನ ಅಕ್ಷರಕ್ಕೇ ಅಂಟಿಕೊಂಡಿರುತ್ತದೆ, ಪದಾಂತ್ಯದ ಅರ್ಧಾಕ್ಷರಕ್ಕೂ ಪದಬಂಧದಲ್ಲಿ ಇರುವಂತೆಯೇ ಸ್ವಂತ ಮನೆ ಸಿಗುತ್ತದೆ. ಓರೆಗೆರೆಗಳೆಷ್ಟೋ ಮನೆಗಳಷ್ಟು. ಅಡ್ಡಗೆರೆಯನ್ನು ಬಳಸಬೇಡಿ, ಅಡ್ಡಗೆರೆಯಿಂದ ಆರಂಭವಾಗುವುದನ್ನು ಕ್ಯಾಲ್ಕ್ ಸೂತ್ರವೆಂದು ತಿಳಿದುಕೊಳ್ಳುವ ಸಂಭವವಿದೆ.

ಇನ್ನು ಹುಡುಕಾಟ. ನಡುವೆ ‘ನ್ನ’ ಇರುವ ಮೂರು ಮನೆಯ ಪದಗಳಿಗೆ ಎರಡನೆಯ ಕಂಬಸಾಲಿನಲ್ಲಿ ಈ ವಿನ್ಯಾಸವನ್ನು ಹುಡುಕಬೇಕು:

^/[^/]+/ನ್ನ/[^/]+$

ಇಲ್ಲಿ [^/]+ ಎಂಬುದು ಗೊತ್ತಿಲ್ಲದ ಒಂದು ಮನೆಗೆ ಸಮ; ^ ಮತ್ತು $ ಪದದ ಮೊದಲನ್ನೂ ಕೊನೆಯನ್ನೂ ಸೂಚಿಸುತ್ತವೆ. ಎಲ್ಲವನ್ನೂ ಹುಡುಕುವ ಗುಂಡಿಯನ್ನು ಒತ್ತಿದರೆ ಸಿಕ್ಕ ಪದಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದ ಮನೆಗಳು ಹೆಚ್ಚಿದ್ದರೆ ಅದೇ ತುಣುಕನ್ನು ಓರೆಗೆರೆಯೊಂದಿಗೆ ಅಷ್ಟು ಸಲ ಬರೆದರಾಯಿತು.

ಕೆಲವು ಅಕ್ಷರಗಳನ್ನು ಕೊಟ್ಟು ಅವುಗಳಿಂದಷ್ಟೇ ಪದ ಕಟ್ಟಲು ಹೇಳುವ ಆಟಗಳಿಗೂ ಇದೇ ಪಟ್ಟಿ ಸಾಕು. ಸ, ರ, ಗ, ಮ ಎಂಬ ನಾಲ್ಕು ಅಕ್ಷರಗಳಿದ್ದರೆ ^(/[ಸರಗಮ])+$ ಎಂದು ಹುಡುಕಿ. ಮರ, ಮಗ, ರಸ, ಸಮರ, ಸರಸ, ಗರಗಸ, ಸಮರಸ ಎಂಬಂಥ ಪದಗಳು ಈ ಬಲೆಗೆ ಬೀಳುತ್ತವೆ. ಒಂದಕ್ಷರವನ್ನು ಒಂದೇ ಸಲ ಬಳಸಬೇಕೆಂಬ ನಿಯಮವಿದ್ದರೆ ಎರಡು ‘ಗ’ ಇರುವ ಗರಗಸ, ಎರಡು ‘ಸ’ ಇರುವ ಸರಸ ಮತ್ತು ಸಮರಸ ಹೊರಗುಳಿಯುತ್ತವೆ. ಪಟ್ಟಿ ಚಿಕ್ಕದಾದ್ದರಿಂದ ಅದನ್ನು ಕಣ್ಣಳತೆಯಲ್ಲೇ ವಿಂಗಡಿಸಬಹುದು. ಬೇರೆ ಅಕ್ಷರಗಳೂ ಇರಲಿ, ಆದರೆ ಕೊಟ್ಟವೆಲ್ಲ ಇರಲೇಬೇಕು ಎನ್ನುವಾಗ ಕ್ಯಾಲ್ಕ್‌ನ ಶೋಧಕದಲ್ಲಿ (ಫಿಲ್ಟರ್) ಒಂದೊಂದು ಅಕ್ಷರಕ್ಕೂ ‘ಒಳಗೊಂಡಿದೆ’ ಎಂಬ ಒಂದೊಂದು ಷರತ್ತನ್ನು ಕೊಟ್ಟು, ಎಲ್ಲ ಷರತ್ತುಗಳೂ ಒಟ್ಟಿಗೆ ಅನ್ವಯಿಸುವಂತೆ ಮಾಡಿ. ಬರಿಯ ‘ಕ’ ಎಂದು ಹುಡುಕಿದರೆ ಕಾ, ಕಿ, ಕ್ಕ ಎಲ್ಲವೂ ಬರುತ್ತವೆ ಎಂಬುದು ನೆನಪಿರಲಿ. ‘ಕ’ಕಾರವೊಂದೇ ಬೇಕಿದ್ದರೆ /ಕ(/|$) ಎಂದೂ, ಒತ್ತಾಗಿ ಬಂದ ‘ಕ’ ಬೇಕಿದ್ದರೆ ಹಲಂತ ಚಿಹ್ನೆಯ ಮುಂದೆ ‘ಕ’ ಸೇರಿಸಿಯೂ ಹುಡುಕಬೇಕು.

ಆದಿಪ್ರಾಸದಲ್ಲಿ ಪದ್ಯ ಬರೆಯುವವರಿಗಂತೂ ಇದು ಅಮೂಲ್ಯ ನೆರವು. ಆದಿಪ್ರಾಸಕ್ಕೆ ಪದ್ಯದ ಸಾಲುಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿದ್ದರೆ ಸಾಕು, ಅದರ ಸ್ವರ ಬದಲಾಗಬಹುದು. ಆದರೆ ಅದರ ಹಿಂದಿನ ಅಕ್ಷರ ಎಂಥದ್ದೆಂಬುದು ಮುಖ್ಯ. ‘ಡ’ಕಾರವನ್ನೇ ತೆಗೆದುಕೊಳ್ಳಿ. ^/[^/]+/ಡ ಎಂದು ಹುಡುಕಿದರೆ ಎರಡನೆಯ ಅಕ್ಷರ ‘ಡ’ದಿಂದ ಆರಂಭವಾಗುವ ಪದಗಳೆಲ್ಲ ಬರುತ್ತವೆ. ಅವುಗಳಲ್ಲಿ ಬಿಡು, ಗಿಡ, ನಡೆಗಳಂತೆ ಮೊದಲಕ್ಷರ ಹ್ರಸ್ವವಾಗಿರುವವು ಸಿಂಹಪ್ರಾಸಕ್ಕೂ, ನಾಡು, ಬೀಡು, ಕೂಡಿಗಳಂತೆ ದೀರ್ಘವಾಗಿರುವವು ಗಜಪ್ರಾಸಕ್ಕೂ ಸಲ್ಲುತ್ತವೆ. ವೃಷಭಪ್ರಾಸಕ್ಕೆ ^/[^/]+ಂ/ಡ ಎಂದು ಹುಡುಕಿದರೆ ಬಂಡಿ, ತುಂಡು, ಕೆಂಡಗಳು ಸಿಗುತ್ತವೆ. ಹಯಪ್ರಾಸಕ್ಕೆ ^/[^/]+/ಡ್ಡ ಎಂದರೆ ಗಡ್ಡ, ದುಡ್ಡು, ಹೆಡ್ಡರು ಬರುತ್ತಾರೆ. ವಿಜಾತೀಯ ಒತ್ತಿನ ಶರಭಪ್ರಾಸಕ್ಕೂ ವಿಸರ್ಗದ ಅಜಪ್ರಾಸಕ್ಕೂ ಇದೇ ದಾರಿ.

ಇರಲೇಬೇಕಾದ ಪದ ಸಿಗದಿದ್ದರೆ ದೋಷ ಬಹುಮಟ್ಟಿಗೆ ಪಟ್ಟಿಯಲ್ಲಿರುತ್ತದೆ. ಅನುಸ್ವಾರದ ಬದಲು ಅದರಂತೆಯೇ ಕಾಣುವ ಸೊನ್ನೆಯ ಅಂಕಿ ‘೦’ ಸೇರಿಕೊಂಡಿದ್ದರೆ ‘ಬಂಡಿ’ ಕಣ್ಣಿಗೆ ಕಂಡರೂ ಹುಡುಕಾಟಕ್ಕೆ ಸಿಗುವುದಿಲ್ಲ. ಕನ್ನಡ ಅಕ್ಷರದ ಪಕ್ಕದಲ್ಲಿರುವ ಸೊನ್ನೆಗಳನ್ನೆಲ್ಲ ಮೊದಲೇ ಅನುಸ್ವಾರವಾಗಿಸಿಬಿಡಿ. ಅರ್ಕಾವೊತ್ತಿನ ವಿಷಯದಲ್ಲೂ ಎಚ್ಚರ ಬೇಕು. ‘ಸೂರ್ಯ’ದಲ್ಲಿ ಅದು ‘ಯ’ಕಾರದ ನಂತರ ಕಂಡರೂ ಸಂಕೇತಗಳ ಸಾಲಿನಲ್ಲಿ ‘ರ’ವೇ ಮೊದಲು ಬರುತ್ತದೆ. ‘ರ‍್ಯಾಂಕ್’ ಎಂಬಲ್ಲಿ ‘ರ’ ಪೂರ್ಣರೂಪದಲ್ಲಿ ನಿಲ್ಲುವಂತೆ ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದನ್ನು ನಡುವೆ ಇಟ್ಟಿರುತ್ತಾರಾದ್ದರಿಂದ ಸಾಮಾನ್ಯ ‘ರ್ಯ’ವನ್ನು ಹುಡುಕಿದರೆ ಆ ಪದ ಬರುವುದಿಲ್ಲ.

ನಿಘಂಟಿನ ಪಟ್ಟಿಯಲ್ಲಿ ಮೂಲರೂಪಗಳು ಮಾತ್ರ ಇರುತ್ತವೆ ಎಂಬುದನ್ನೂ ಗಮನಿಸಬೇಕು. ಪದಬಂಧದ ಉತ್ತರವಾದರೋ ‘ಮನೆಯಲ್ಲಿ’ ಎಂದೋ ‘ಬಂದನು’ ಎಂದೋ ಇರಬಹುದು. ಸುಳಿವು ವಿಭಕ್ತಿ ಪ್ರತ್ಯಯದಲ್ಲಿ ಕೊನೆಗೊಂಡಿದ್ದರೆ ಉತ್ತರವೂ ಸಾಮಾನ್ಯವಾಗಿ ಅದೇ ವಿಭಕ್ತಿಯಲ್ಲಿರುತ್ತದೆ. ಆಗ ಕೊನೆಯ ಮನೆಗಳಿಂದ ಪ್ರತ್ಯಯವನ್ನೂ ಸಂಧಿಯಲ್ಲಿ ಬಂದ ‘ಯ’ ಅಥವಾ ‘ವ’ಕಾರವನ್ನೂ ಕಳೆದು, ಉಳಿದ ಮನೆಗಳಿಗೆ ಮಾತ್ರ ವಿನ್ಯಾಸವನ್ನು ಬರೆದು ಹುಡುಕಿ. ‘ಮನೆಯಲ್ಲಿ’ ಎಂಬ ನಾಲ್ಕು ಮನೆಯ ಉತ್ತರಕ್ಕೆ ಹೀಗೆ ಹುಡುಕಬೇಕಾದದ್ದು ಮೊದಲ ಎರಡು ಮನೆಗಳನ್ನಷ್ಟೇ.