ಪಾಯಿಂಟ್‌ಗಾಗಿ ಕಾರ್ಡ್ ಉಜ್ಜುವಾಗ ನಾನು ಹಾಕಿಕೊಂಡ ಮಿತಿಗಳು

ಕ್ರೆಡಿಟ್ ಕಾರ್ಡಿನಿಂದ ಮೊಬೈಲ್ ವಾಲೆಟ್ ತುಂಬುವುದು, ಬಾಡಿಗೆ ಕಟ್ಟುವುದು, ಗಿಫ್ಟ್ ಕಾರ್ಡ್, ಬಂಗಾರದ ನಾಣ್ಯ, ಪರಿಚಯದ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ರೊಕ್ಕ ತಗೊಳ್ಳುವುದು. ಬ್ಯಾಂಕಿನ ಕಣ್ಣಿಗೆ ಇವೆಲ್ಲ ಒಂದೇ ಜಾತಿ, ಖರೀದಿಯ ವೇಷ ಹಾಕಿದ ನಗದು. ಇದು ಹೆಚ್ಚಾದರೆ ಬ್ಯಾಂಕ್ ವಿವರಣೆ ಕೇಳುತ್ತದೆ, ಕಾರ್ಡನ್ನೇ ಮುಚ್ಚಲೂಬಹುದು. ಬೆಳಗಾವಿಯಲ್ಲಿ ಮನೆಖರ್ಚನ್ನೆಲ್ಲ ಕಾರ್ಡ್ ಮೇಲೆ ನಡೆಸಿ, ಖರ್ಚಿಗೆ ಬ್ಯಾಂಕ್ ಕೊಡುವ ರಿವಾರ್ಡ್ ಪಾಯಿಂಟ್ ಕೂಡಿಸುವ ನಾನು ಇವುಗಳಲ್ಲಿ ಯಾವುದನ್ನು ಎಷ್ಟು ಮಾಡುತ್ತೇನೆ, ಯಾವುದರ ಸನಿಹಕ್ಕೂ ಹೋಗುವುದಿಲ್ಲ ಎಂಬುದನ್ನು ಕಾರಣಸಹಿತ ಬರೆದಿದ್ದೇನೆ.

ಮೊದಲು ಲೆಕ್ಕ. 150 ರೂಪಾಯಿಗೆ 2 ಪಾಯಿಂಟ್, ಒಂದು ಪಾಯಿಂಟ್‌ಗೆ 25 ಪೈಸೆ ಎನ್ನುವ ಕಾರ್ಡ್ ಹಿಡಿಯಿರಿ. 10,000 ರೂಪಾಯಿ ವಾಲೆಟ್‌ಗೆ ತುಂಬಿದರೆ ಬರುವುದು 132 ಪಾಯಿಂಟ್, ಅಂದರೆ 33 ರೂಪಾಯಿ. ಬ್ಯಾಂಕ್ ಇದಕ್ಕೆ ಶೇಕಡಾ 1 ಶುಲ್ಕ ಹಾಕಿದರೆ 100 ರೂಪಾಯಿ, ಅದರ ಮೇಲೆ 18 ರೂಪಾಯಿ ಜಿಎಸ್‌ಟಿ. 85 ರೂಪಾಯಿ ಲುಕ್ಸಾನು. ಈಗ ಅನೇಕ ಕಾರ್ಡ್‌ಗಳಲ್ಲಿ ವಾಲೆಟ್‌ಗೆ ಪಾಯಿಂಟೇ ಇಲ್ಲ, ಆಗ ಪೂರ್ತಿ 118 ರೂಪಾಯಿ ಕೈಯಿಂದ. ಪಾಯಿಂಟ್ ಎಷ್ಟು ಬಂತು ಎಂದು ಕುಣಿಯುವ ಮೊದಲು ಒಂದು ಪಾಯಿಂಟ್ ಎಷ್ಟು ಪೈಸೆ ಎಂದು ನೋಡಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಮೊದಲನೆಯದನ್ನು ಮಾತ್ರ.

ಯಾವ ಖರ್ಚು ಯಾವ ಜಾತಿ ಎಂದು ಬ್ಯಾಂಕಿಗೆ ತಿಳಿಯುವುದು ಎಂಸಿಸಿ ಎಂಬ ನಾಲ್ಕಂಕಿಯ ಸಂಕೇತದಿಂದ. ವಾಲೆಟ್ ತುಂಬಿದರೆ 6540, ಬಾಡಿಗೆಗೆ 6513, ಪೆಟ್ರೋಲ್ ಬಂಕ್ 5541 ಅಥವಾ 5542, ಆಭರಣದ ಅಂಗಡಿ 5944, ನಗದಿಗೆ ಸಮಾನವಾದ ಖರೀದಿ 6051. ಈ ಸಂಕೇತ ಕೊಡುವುದು ಅಂಗಡಿಗೆ ಮಷಿನ್ ಹಾಕಿದ ಬ್ಯಾಂಕ್ ಅಥವಾ ಕಂಪನಿ. ಅದಕ್ಕೇ ಬೋರ್ಡ್ ಮೇಲೆ ಕಿರಾಣಿ ಎಂದಿದ್ದರೂ ಮಷಿನ್‌ನಲ್ಲಿ ಬೇರೆಯೇ ಸಂಕೇತ ಇರಬಹುದು. ಹೊಸ ಅಂಗಡಿಯಲ್ಲಿ ದೊಡ್ಡ ಮೊತ್ತ ಖರ್ಚು ಮಾಡುವ ಮೊದಲು ನಾನು ನೂರಿನ್ನೂರು ರೂಪಾಯಿಯ ಖರೀದಿ ಮಾಡಿ, ಪಾಯಿಂಟ್ ಬಿದ್ದಿತೇ ಎಂದು ಸ್ಟೇಟ್‌ಮೆಂಟ್‌ನಲ್ಲಿ ನೋಡುತ್ತೇನೆ. ಆತುರ ಇದ್ದವರಿಗೆ ಇದು ಆಗದ ಕೆಲಸ.

ಒಮ್ಮೆ ವಾಲೆಟ್ ತುಂಬಿದ ಮಾತ್ರಕ್ಕೆ ಬ್ಯಾಂಕ್ ಬೆನ್ನು ಹತ್ತುವುದಿಲ್ಲ. ಅದು ನೋಡುವುದು ವಹಿವಾಟಿನ ಚಾಳಿಯನ್ನು. ಪ್ರತಿ ಸಲ 10,000, 25,000, 49,000 ಹೀಗೆ ದುಂಡು ಮೊತ್ತ, ಅದೇ ಅಂಗಡಿ, ಅದೇ ತಾರೀಖಿನ ಆಸುಪಾಸು. ಹಾಲು, ಔಷಧಿ, ಬಟ್ಟೆ, ಬಸ್ ಟಿಕೆಟ್ ಒಂದೂ ಇಲ್ಲದೆ ಬರೀ ವಾಲೆಟ್ ಮತ್ತು ಗಿಫ್ಟ್ ಕಾರ್ಡ್. ಒಂದು ಲಕ್ಷ ಲಿಮಿಟ್ ಇರುವ ಕಾರ್ಡನ್ನು ತಿಂಗಳಲ್ಲಿ ಮೂರು ಸಲ ತುಂಬಿ ಖಾಲಿ ಮಾಡಿ ಮೂರು ಲಕ್ಷ ತಿರುಗಿಸುವುದಂತೂ ಎಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುತ್ತದೆ. ನಾನು ಇಟ್ಟುಕೊಂಡ ಮಿತಿ ಎಂದರೆ ನಗದಿನಂಥ ಖರ್ಚು ತಿಂಗಳ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲು ಮೀರಬಾರದು, ಮತ್ತು ಲಿಮಿಟ್ ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ತಿರುಗಬಾರದು. ಇದು ಬ್ಯಾಂಕ್ ಕೊಟ್ಟ ಅಂಕಿಯಲ್ಲ, ನನ್ನದೇ.

ಇನ್ನು ಕಾರ್ಡ್ ಉಜ್ಜಿ ರೊಕ್ಕ ಪಡೆಯುವ ವಿಷಯ. ಅಂಗಡಿಯವನ ಕಮಿಷನ್ ಶೇಕಡಾ 2.5 ಎಂದರೆ 50,000ಕ್ಕೆ 1,250 ರೂಪಾಯಿ. ಕಾರ್ಡ್ ಶೇಕಡಾ 1 ಕೊಟ್ಟರೂ ಬರುವುದು 500. ಪಾಯಿಂಟ್‌ಗಾಗಿ ಮಾಡುವವರಿಗೆ ಇಲ್ಲಿಗೇ ಕಥೆ ಮುಗಿಯಿತು. ಬಿಲ್ ಕಟ್ಟುವ ತನಕ ನಲವತ್ತೈದು ದಿನ ರೊಕ್ಕ ಕೈಯಲ್ಲಿರುತ್ತದಲ್ಲ ಎನ್ನುವವರಿಗೆ, ಆ ಎರಡೂವರೆ ಪರ್ಸೆಂಟ್ ವರ್ಷದ ಲೆಕ್ಕದಲ್ಲಿ ಶೇಕಡಾ 20 ಆಗುತ್ತದೆ. ಬಂಗಾರ ಅಡ ಇಟ್ಟು ಸೊಸೈಟಿಯಲ್ಲಿ ಸಾಲ ತೆಗೆದರೆ ಸಾಮಾನ್ಯವಾಗಿ ಇದಕ್ಕಿಂತ ಅಗ್ಗ. ಅಂಗಡಿಯವನ ಅಪಾಯ ಇನ್ನೂ ದೊಡ್ಡದು. ಗೊಬ್ಬರದ ಅಂಗಡಿಯ ಮಷಿನ್‌ನಲ್ಲಿ ರಾತ್ರಿ ಹನ್ನೊಂದಕ್ಕೆ 49,000 ಬಿದ್ದರೆ ಮಷಿನ್ ಕೊಟ್ಟವರು ಆ ರೊಕ್ಕವನ್ನು ತಡೆಹಿಡಿದು ಬಿಲ್ ಕೇಳುತ್ತಾರೆ. ಮಾಲು ಕೊಡದೆ ಬಿಲ್ ಬರೆದುಕೊಟ್ಟರೆ ಅದು ಜಿಎಸ್‌ಟಿ ಕಾಯ್ದೆಯ 122ನೇ ಕಲಮಿನಡಿ ದಂಡಕ್ಕೆ ಗುರಿ. ಬಿಲ್ ಬರೆಯದಿದ್ದರೆ ಮಷಿನ್‌ನ ಜಮೆಗೂ ರಿಟರ್ನ್‌ನಲ್ಲಿ ತೋರಿಸಿದ ವ್ಯಾಪಾರಕ್ಕೂ ತಾಳೆಯಾಗುವುದಿಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟ ಮೇಲೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಮಾತ್ರ ಇನ್ನೊಂದು ಕಡೆಯಿಂದ, ಅದೂ ಮೋಸವೇನನ್ನೂ ಮಾಡದೆ. ಇಳಕಲ್ ಸೀರೆಯ ವ್ಯಾಪಾರಿ ನೂಲಿಗೆ, ಗುಳೇದಗುಡ್ಡದ ಖಣದವರು ರೇಷ್ಮೆಗೆ, ವಿಜಯಪುರದ ಒಣದ್ರಾಕ್ಷಿಯವರು ಪ್ಯಾಕಿಂಗ್ ಡಬ್ಬಿಗೆ ತಮ್ಮ ಸ್ವಂತ ಕಾರ್ಡ್ ಕೊಡುತ್ತಾರೆ. ಖರೀದಿ ಖರೆ, ಬಿಲ್ ಖರೆ. ಆದರೆ ವೈಯಕ್ತಿಕ ಕಾರ್ಡನ್ನು ವ್ಯಾಪಾರಕ್ಕೆ ಬಳಸಬಾರದು ಎಂದು ಕಾರ್ಡಿನ ಕರಾರಿನಲ್ಲೇ ಇರುತ್ತದೆ. ಬ್ಯಾಂಕ್ ವಿವರಣೆ ಕೇಳಿದಾಗ ‘ಅಂಗಡಿಯ ಮಾಲು’ ಎಂದು ಉತ್ತರಿಸುವುದೆಂದರೆ ಕರಾರು ಮುರಿದದ್ದನ್ನು ತಾವೇ ಬರೆದುಕೊಟ್ಟಂತೆ. ಸುಳ್ಳು ಹೇಳಬೇಕೆಂದು ಇದರ ಅರ್ಥವಲ್ಲ. ವ್ಯಾಪಾರದ ಖರೀದಿ ಇದ್ದರೆ ವ್ಯಾಪಾರದ ಹೆಸರಿನಲ್ಲೇ ಬಿಸಿನೆಸ್ ಕಾರ್ಡ್ ತೆಗೆಯಬೇಕು, ಪಾಯಿಂಟ್ ಸ್ವಲ್ಪ ಕಡಿಮೆ ಬಂದರೂ ಪರವಾಗಿಲ್ಲ. ಇನ್ನೊಂದು ಸಂಗತಿ: ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಿಲ್‌ಗೆ ನಗದಾಗಿ 1 ಲಕ್ಷ ಅಥವಾ ಬೇರೆ ರೀತಿಯಲ್ಲಿ 10 ಲಕ್ಷ ಮುಟ್ಟಿದರೆ ಬ್ಯಾಂಕ್ ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ, ಅದು ನಿಮ್ಮ ಎಐಎಸ್‌ನಲ್ಲಿ (ಇಲಾಖೆ ಇಡುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ) ಕಾಣುತ್ತದೆ. 5 ಲಕ್ಷ ಆದಾಯ ತೋರಿಸಿ 12 ಲಕ್ಷ ಕಾರ್ಡ್ ಬಿಲ್ ಕಟ್ಟಿದವರು ಎರಡು ಕಡೆ ಉತ್ತರ ಕೊಡಬೇಕಾಗುತ್ತದೆ.

ಬಾಡಿಗೆಯ ದಾರಿ ಬಹುತೇಕ ಮುಚ್ಚಿದೆ. ಹೆಂಡತಿಯ ಖಾತೆಗೆ ‘ಬಾಡಿಗೆ’ ಕಳಿಸಿ ಪಾಯಿಂಟ್ ಎಣಿಸುವವರು ಹೆಚ್ಚಾದಂತೆ ಬ್ಯಾಂಕುಗಳು ಶುಲ್ಕ ಹಾಕಿದವು. 2025ರ ಸೆಪ್ಟೆಂಬರ್ 15ರ ಆರ್‌ಬಿಐ ನಿರ್ದೇಶನದ ಪ್ರಕಾರ ಪೇಮೆಂಟ್ ಅಗ್ರಿಗೇಟರ್‌ಗಳು (ಗಿರಾಕಿಯ ರೊಕ್ಕವನ್ನು ವ್ಯಾಪಾರಿಗೆ ದಾಟಿಸುವ ಮಧ್ಯವರ್ತಿ ಕಂಪನಿಗಳು) ತಮ್ಮೊಡನೆ ಕರಾರು ಇರುವ ವ್ಯಾಪಾರಿಗಳಿಗೆ ಮಾತ್ರ ರೊಕ್ಕ ಮುಟ್ಟಿಸಬೇಕು. ಮನೆ ಮಾಲೀಕರು ಅಂಥ ವ್ಯಾಪಾರಿಗಳಲ್ಲ, ಹಾಗಾಗಿ ದೊಡ್ಡ ಆ್ಯಪ್‌ಗಳು ಆ ಸೌಲಭ್ಯವನ್ನೇ ತೆಗೆದವು. ಬಂಗಾರದ ನಾಣ್ಯಕ್ಕೆ ಶೇಕಡಾ 3 ಜಿಎಸ್‌ಟಿ, ಮಾರುವಾಗ ಅದು ವಾಪಸ್ ಬರುವುದಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಮನೆಯವರ ಹೆಸರಿನ ಅಂಗಡಿ ಕ್ಯೂಆರ್‌ಗೆ ತಾನೇ ಕಟ್ಟುವ ಉಪಾಯ ಹೇಳಿಕೊಡುವವರಿದ್ದಾರೆ. ಮನೆ ವಿಳಾಸ ಒಂದೇ, ಅಡ್ಡಹೆಸರು ಒಂದೇ, ಬಂದ ರೊಕ್ಕ ಮರುದಿನ ಕಾರ್ಡ್ ಬಿಲ್‌ಗೇ ಹೋಗುತ್ತದೆ. ಇದನ್ನು ಹಿಡಿಯಲು ಪತ್ತೇದಾರ ಬೇಕಾಗಿಲ್ಲ.

ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಸಿಗುವ ವಾರ್ಷಿಕ ಶುಲ್ಕ ಮಾಫಿಗೆ, ಕಾರ್ಡಿನ ವರ್ಷ ಮುಗಿಯುವ ಹೊತ್ತಿಗೆ ನಲವತ್ತು ಸಾವಿರ ಕಡಿಮೆ ಬಿದ್ದಾಗಲೇ ಎಲ್ಲರಿಗೂ ಗಿಫ್ಟ್ ಕಾರ್ಡ್ ನೆನಪಾಗುತ್ತದೆ. ನಾನು ಹೇಗೂ ಮಾಡಲೇಬೇಕಾದ ದೊಡ್ಡ ಖರ್ಚುಗಳನ್ನು ಆಗ ಮುಂಚಿತವಾಗಿಯೇ ಮಾಡಿಬಿಡುತ್ತೇನೆ: ಗಾಡಿಯ ವಿಮೆ, ಟೈರು, ಮಕ್ಕಳ ಶಾಲೆಯ ಫೀ (ಶಾಲೆಯ ಸ್ವಂತ ಪೋರ್ಟಲ್‌ನಲ್ಲಿ, ಮಧ್ಯವರ್ತಿ ಆ್ಯಪ್‌ನಲ್ಲಲ್ಲ), ಯುಗಾದಿಯ ಬಟ್ಟೆ. ಹೆಸ್ಕಾಂ ಬಿಲ್, ವಿಮೆ ಇವು ಆ ಮಾಫಿಯ ಲೆಕ್ಕಕ್ಕೆ ಬರುತ್ತವೆಯೇ ಎಂದು ಕಾರ್ಡಿನ ನಿಯಮಪತ್ರದಲ್ಲಿ ಮೊದಲೇ ನೋಡಬೇಕು. ಪಾಯಿಂಟ್ ಸಿಗುವ ಪಟ್ಟಿ ಬೇರೆ, ಶುಲ್ಕ ಮಾಫಿಯ ಪಟ್ಟಿ ಬೇರೆ.

ಬ್ಯಾಂಕಿನಿಂದ ‘ವಹಿವಾಟಿನ ವಿವರ ಕೊಡಿ’ ಎಂಬ ಮೇಲ್ ಬಂದರೆ ಮೊದಲು ಆ ಕಾರ್ಡಿನ ಬಳಕೆ ನಿಲ್ಲಿಸಿ. ಮೇಲ್‌ನಲ್ಲಿರುವ ಲಿಂಕ್ ಒತ್ತದೆ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ ಅದು ಖರೆ ಬ್ಯಾಂಕಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಕೇಳಿದ ಪ್ರತಿ ವಹಿವಾಟಿಗೂ ತಾರೀಖು, ಮೊತ್ತ, ಅಂಗಡಿಯ ಜಿಎಸ್‌ಟಿ ನಂಬರ್ ಇರುವ ಬಿಲ್ ಜೋಡಿಸಿ ಗಡುವಿನೊಳಗೆ ಕಳಿಸಬೇಕು. ಇದಕ್ಕಾಗಿಯೇ 5,000 ರೂಪಾಯಿ ಮೇಲಿನ ಪ್ರತಿ ಬಿಲ್‌ನ ಫೋಟೋ ತೆಗೆದು ತಿಂಗಳವಾರು ಇಡುತ್ತೇನೆ, ಶಾಯಿ ಅಳಿಸಿಹೋಗುವ ಥರ್ಮಲ್ ಕಾಗದದ ಚೀಟಿಯನ್ನು ನಂಬಿ ಕೂಡುವುದಿಲ್ಲ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆದರೆ ಯಾರಿಗೆ ಕಾರ್ಡ್ ಇಡಬೇಕು ಎಂಬಂಥ ಬ್ಯಾಂಕಿನ ವಾಣಿಜ್ಯ ತೀರ್ಮಾನಕ್ಕೆ ಓಂಬುಡ್ಸ್‌ಮನ್ ಕೈ ಹಾಕುವುದಿಲ್ಲ.

ಬ್ಯಾಂಕ್ ಕಾರ್ಡ್ ಮುಚ್ಚಿದರೆ ಉಳಿದ ಪಾಯಿಂಟ್ ಹೋದಂತೆಯೇ, ಅದೇ ಬ್ಯಾಂಕಿನ ಇನ್ನೊಂದು ಕಾರ್ಡೂ ಜೊತೆಗೆ ಹೋಗಬಹುದು. ಆದ್ದರಿಂದ ಪಾಯಿಂಟ್‌ಗಳನ್ನು ವರ್ಷಗಟ್ಟಲೆ ಕೂಡಿಡದೆ ಮೂರು ತಿಂಗಳಿಗೊಮ್ಮೆ ಖರ್ಚು ಮಾಡುತ್ತೇನೆ. ವಿಮೆ ಕಂತು, ಫೋನ್ ಬಿಲ್‌ನಂಥ ಆಟೋಪೇಗಳನ್ನು ಬೇರೆ ಬ್ಯಾಂಕಿನ, ಇಂಥ ಪ್ರಯೋಗಕ್ಕೆ ಎಂದೂ ಬಳಸದ ಕಾರ್ಡಿಗೆ ಜೋಡಿಸಿದ್ದೇನೆ. ಕಾರ್ಡ್ ಮುಚ್ಚಿದರೂ ಬಾಕಿ ಹಾಗೇ ಇರುತ್ತದೆ. ಮುಚ್ಚಿದ ಮೇಲೆ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ಕಾಣದೇ ಹೋಗಬಹುದು, ಹಾಗಾಗಿ ಕೊನೆಯ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಬಾಕಿ ತೀರಿಸಿ, ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಬೇಕು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಅಥವಾ ಅದಕ್ಕಿಂತ ಬೇಗ, ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕಳಿಸುತ್ತಿವೆ. ಒಂದೆರಡು ತಿಂಗಳ ನಂತರ ಆ ಖಾತೆ ‘ಕ್ಲೋಸ್ಡ್’ ಎಂದು, ಬಾಕಿ ಸೊನ್ನೆ ಎಂದು ವರದಿಯಲ್ಲಿ ಬಂದಿದೆಯೇ ನೋಡಿಕೊಳ್ಳಿ. ‘ಸೆಟಲ್ಡ್’ (ಬಾಕಿ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು) ಎಂದಿದ್ದರೆ ಕೂಡಲೇ ತಕರಾರು ಹಾಕಿ, ಮುಂದೆ ಗೃಹಸಾಲ ಕೇಳುವಾಗ ಆ ಒಂದು ಪದವೇ ಅಡ್ಡ ಬರುತ್ತದೆ.