ಗಣಿಯ ಹಣದಲ್ಲಿ ಬೆಳೆದ ತೋಟಗಳು: ಕೋಲಾರದವರನ್ನು ಕಾರ್ನ್‌ವಾಲ್‌ಗೆ ಕರೆದೊಯ್ದ ನನ್ನ ಅನುಭವ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಪ್ರಾಂತ್ಯದ ಹಳೆಯ ತೋಟಗಳನ್ನು ತೋರಿಸಲು ಕೋಲಾರ ಜಿಲ್ಲೆಯವರ ಸಣ್ಣ ಗುಂಪುಗಳನ್ನು ಕರೆದೊಯ್ಯುತ್ತೇನೆಂದು ಹೇಳಿದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ‘ಸಾರ್, ಹೂವು ನೋಡೋಕೆ ಅಷ್ಟು ದೂರ ಯಾಕೆ? ಲಾಲ್‌ಬಾಗ್ ಇದೆ, ನಂದಿ ಬೆಟ್ಟ ಇದೆ.’ ನನ್ನ ಉತ್ತರ ಹೂವಿನಿಂದ ಆರಂಭವಾಗುವುದಿಲ್ಲ, ಕೆಜಿಎಫ್‌ನಿಂದ ಆರಂಭವಾಗುತ್ತದೆ. 1866ರಲ್ಲಿ ತಾಮ್ರದ ಬೆಲೆ ಕುಸಿದು ಕಾರ್ನ್‌ವಾಲ್‌ನ ಗಣಿಗಳು ಒಂದೊಂದಾಗಿ ಮುಚ್ಚತೊಡಗಿದಾಗ ಅಲ್ಲಿನ ಗಣಿಗಾರರು ಕೆಲಸ ಹುಡುಕಿಕೊಂಡು ಲೋಕದ ಮೂಲೆಮೂಲೆಗೆ ಹೊರಟರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಅವರಲ್ಲಿ ಹಲವರು ನಮ್ಮೂರಿಗೂ ಬಂದರು. ಅವರು ಬಿಟ್ಟುಬಂದ ಊರಿನಲ್ಲಿ ಗಣಿಯ ಒಡೆಯರು ಅದೇ ಗಣಿಗಳ ಲಾಭದಲ್ಲಿ ತೋಟಗಳನ್ನು ಕಟ್ಟಿಸಿದ್ದರು. ಲಂಡನ್ನಿನಿಂದ ರಜೆಗೆ ಬರುವವರಿಗಿಂತ ಈ ತೋಟಗಳನ್ನು ನೋಡುವ ಹಕ್ಕು ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿದವರಿಗೆ ಒಂದು ತೂಕ ಹೆಚ್ಚೇ ಇದೆ ಎಂದು ನಾನು ನಂಬಿದ್ದೇನೆ.

ನಾನು ತೋಟಗಾರಿಕೆ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ವೀಸಾ, ವಿಮಾನ, ವಸತಿಯ ವ್ಯವಸ್ಥೆಯನ್ನು ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ; ಯಾವ ತೋಟ, ಯಾವ ದಿನ, ಅಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದಷ್ಟೇ ನನ್ನ ಪಾಲಿನ ಕೆಲಸ. ಅಲ್ಲಿನ ಸ್ಥಳೀಯ ಮಾರ್ಗದರ್ಶಿಗಳು ಇಂಗ್ಲಿಷಿನಲ್ಲಿ ಹೇಳುವುದನ್ನು ನಾನು ಕನ್ನಡದಲ್ಲಿ ಹೇಳುತ್ತೇನೆ. ಕೋಲಾರದ ಗುಂಪಾದ್ದರಿಂದ ತೆಲುಗು, ತಮಿಳು ನಡುನಡುವೆ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ.

ಮೊದಲು ತೀರ್ಮಾನಿಸಬೇಕಾದದ್ದು ಕಾಲ. ಮ್ಯಾಗ್ನೋಲಿಯಾ ನೋಡಬೇಕಾದರೆ ಮಾರ್ಚ್‌ನಲ್ಲೇ ಹೋಗಬೇಕು, ಹೈಡ್ರೇಂಜಿಯಾ ಬೇಕಾದರೆ ಆಗಸ್ಟ್‌ನವರೆಗೆ ಕಾಯಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ರೋಡೋಡೆಂಡ್ರಾನ್‌ಗಳು ತುಂಬಿಕೊಂಡಿರುತ್ತವೆ, ಕ್ಯಾಮೆಲಿಯಾ ಇನ್ನೂ ಪೂರ್ತಿ ಮುಗಿದಿರುವುದಿಲ್ಲ, ಮರಗಳ ಬುಡದಲ್ಲಿ ಬ್ಲೂಬೆಲ್ ಹೂವು ಹಾಸಿಕೊಂಡಿರುತ್ತದೆ. ನಾನು ಈ ದಿನಗಳನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಶ್ರೀನಿವಾಸಪುರದ ಮಾವಿನ ಬೆಳೆಗಾರರು ಕಾಯಿ ಕೀಳುವ ಕೆಲಸ ಶುರುವಾದ ಮೇಲೆ ಮನೆ ಬಿಟ್ಟು ಕದಲುವವರಲ್ಲ.

ಹೊರಡುವ ಮುನ್ನ ಎಲ್ಲರನ್ನೂ ಒಂದು ಸಂಜೆ ಕೂರಿಸಿ ಅಲ್ಲಿನ ಹವೆಯನ್ನು ವಿವರಿಸುತ್ತೇನೆ. ಕಾರ್ನ್‌ವಾಲ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಷ್ಟೇ ಉತ್ತರಕ್ಕಿರುವ ಕೆನಡಾದ ಪೂರ್ವ ಕರಾವಳಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ತಾಗುವ ಈ ದಂಡೆಯಲ್ಲಿ ಕಟುವಾದ ಹಿಮ ಬೀಳುವುದು ವಿರಳವಾದ್ದರಿಂದ ಆಸ್ಟ್ರೇಲಿಯಾದ ಮರಜರೀಗಿಡವೂ ಹಿಮಾಲಯದ ರೋಡೋಡೆಂಡ್ರಾನ್ ಕೂಡ ಬಯಲಿನಲ್ಲೇ ಬದುಕುತ್ತವೆ. ಅಲ್ಲಿ ಗಿಡಗಳಿಗೆ ಚಳಿಗಿಂತ ದೊಡ್ಡ ಶತ್ರು ಉಪ್ಪುಗಾಳಿ. ನಮ್ಮ ಹೊಲದ ಬದುಗಳಲ್ಲಿ ಸರ್ವೆ, ಸಿಲ್ವರ್ ಓಕ್ ನೆಡುವಂತೆ ಅವರು ಸುತ್ತಲೂ ಪೈನ್ ಮತ್ತು ಓಕ್ ಮರಗಳ ತಡೆ ಬೆಳೆಸಿ, ಅದರ ಮರೆಯ ಕಣಿವೆಯಲ್ಲಿ ತೋಟ ಮಾಡಿದರು. ಇಷ್ಟು ತಿಳಿದರೆ ಅಲ್ಲಿನ ಬಹುತೇಕ ತೋಟಗಳ ವಿನ್ಯಾಸ ತಾನಾಗಿ ಅರ್ಥವಾಗುತ್ತದೆ. ಬಟ್ಟೆಯ ವಿಷಯದಲ್ಲಿ ಹೇಳುವುದು ಒಂದೇ ಮಾತು: ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ, ಟೋಪಿಯಿರುವ ರೇನ್‌ಕೋಟ್ ತನ್ನಿ.

ಅಲ್ಲಿನ ಹಳ್ಳಿರಸ್ತೆಗಳು ಎರಡೂ ಬದಿ ಎತ್ತರದ ಬೇಲಿಯಿಂದ ಕೂಡಿ ತೀರಾ ಕಿರಿದಾಗಿರುವುದರಿಂದ ದೊಡ್ಡ ಬಸ್ಸು ಎಲ್ಲ ಕಡೆಗೂ ಹೋಗಲಾರದು. ಆದ್ದರಿಂದ ಮಿನಿಬಸ್ಸಿನಲ್ಲಿ ಹಿಡಿಸುವಷ್ಟೇ ಜನ, ಮತ್ತು ದಿನಕ್ಕೆ ಒಂದೇ ತೋಟ. ಕೊಟ್ಟ ಹಣಕ್ಕೆ ದಿನಕ್ಕೆ ಮೂರು ತೋಟ ತೋರಿಸಿ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಹೆಲ್ಫರ್ಡ್ ನದಿಯ ದಂಡೆಯ ಟ್ರೆಬಾ ತೋಟದಲ್ಲಿ ಕಣಿವೆಯುದ್ದಕ್ಕೂ ಸಮುದ್ರದ ಮರಳಿನ ತನಕ ಇಳಿದು, ಆಳೆತ್ತರ ಮೀರಿದ ಗುನ್ನೆರಾ ಎಲೆಗಳ ಕೆಳಗೆ ನಡೆದು, ಮತ್ತೆ ಮೇಲಕ್ಕೆ ಹತ್ತಿ ಬಂದ ಮೇಲೆ ಆ ಮಾತು ಅವರ ಬಾಯಿಂದ ಬರುವುದಿಲ್ಲ. ಟ್ರೆಬಾ ಫಾಕ್ಸ್ ಮನೆತನದವರು ಬೆಳೆಸಿದ ತೋಟ. ಫಾಲ್ಮತ್ ಬಂದರಿನಲ್ಲಿ ಹಡಗಿನ ವ್ಯವಹಾರ ನಡೆಸುತ್ತಿದ್ದ ಈ ಕುಟುಂಬವೇ ಗಣಿಯ ಉಗಿಯಂತ್ರಗಳನ್ನು ಎರಕ ಹೊಯ್ಯುವ ಪೆರಾನ್ ಫೌಂಡ್ರಿಯನ್ನೂ ಸ್ಥಾಪಿಸಿತ್ತು. ವಸಂತದ ಕೆಲವೇ ತಿಂಗಳು ತೆರೆದಿರುವ ಕೆರ್‌ಹೇಸ್ ತೋಟದ ವಿಲಿಯಮ್ಸ್ ಮನೆತನದವರ ಸಂಪತ್ತಿನ ಮೂಲವೂ ತಾಮ್ರದ ಗಣಿಯೇ.

ನಾನು ಹೆಚ್ಚು ಸಮಯ ಮೀಸಲಿಡುವುದು ಹೆಲಿಗನ್‌ಗೆ. ಮೊದಲ ಮಹಾಯುದ್ಧದ ನಂತರ ದಶಕಗಳ ಕಾಲ ಮುಳ್ಳುಪೊದೆಗಳ ಅಡಿಯಲ್ಲಿ ಹೂತುಹೋಗಿದ್ದ ಈ ತೋಟದ ಪುನರುಜ್ಜೀವನ 1990ರಲ್ಲಿ ಆರಂಭವಾಯಿತು. ಅಲ್ಲಿನ ಅನಾನಸ್ ಗುಂಡಿಯ ಬಳಿ ನಮ್ಮ ರೈತರು ಎಷ್ಟು ಹೊತ್ತು ನಿಂತರೂ ಸಾಲದು. ಗಾಜಿನ ಮುಚ್ಚಳದ ಇಟ್ಟಿಗೆ ತೊಟ್ಟಿಯ ನಡುವೆ ಗಿಡದ ಕುಂಡಗಳು. ಎರಡೂ ಬದಿಯ ಕಾಲುವೆಗಳಲ್ಲಿ ಹಸಿ ಕುದುರೆಲದ್ದಿ. ಲದ್ದಿ ಕೊಳೆಯುವಾಗ ಹುಟ್ಟುವ ಕಾವು ಟೊಳ್ಳು ಗೋಡೆಯ ಮೂಲಕ ಒಳಗೆ ಹರಿದು ಗಿಡಗಳನ್ನು ಬೆಚ್ಚಗಿಡುತ್ತದೆ. ಕಾವು ಇಳಿದಂತೆ ಲದ್ದಿ ಬದಲಿಸುತ್ತಿರಬೇಕು. ಮಾಲೂರಿನ ಬೆಳೆಗಾರರೊಬ್ಬರು ಕೈ ಚಾಚಿ ಗೋಡೆ ಮುಟ್ಟಿ ನೋಡಿ, ‘ಒಂದು ಹಣ್ಣಿಗೆ ಎಷ್ಟು ಗಾಡಿ ಗೊಬ್ಬರ ಸಾರ್?’ ಎಂದು ಕೇಳಿದ್ದು ಆ ತೋಟದ ಅರ್ಥಶಾಸ್ತ್ರವನ್ನೇ ಕೇಳಿದಂತಿತ್ತು. ಅಲ್ಲೇ ಕೆಲಸಗಾರರ ಹಳೆಯ ಶೌಚಾಲಯದ ಗೋಡೆಯ ಮೇಲೆ ತೋಟದ ಆಳುಗಳು ಪೆನ್ಸಿಲಿನಿಂದ ಬರೆದ ಹೆಸರುಗಳೂ 1914ರ ಆಗಸ್ಟ್ ಎಂಬ ದಿನಾಂಕವೂ ಉಳಿದಿವೆ. ಅವರಲ್ಲಿ ಅನೇಕರು ಯುದ್ಧದಿಂದ ಹಿಂದಿರುಗಲಿಲ್ಲ. ತಂದೆಯನ್ನು ಗಣಿಯೊಳಗಿನ ಅಪಘಾತದಲ್ಲಿ ಕಳೆದುಕೊಂಡಿದ್ದ ಕೆಜಿಎಫ್‌ನ ಶಿಕ್ಷಕಿಯೊಬ್ಬರು ಆ ಹೆಸರುಗಳನ್ನು ಒಂದೊಂದಾಗಿ ಬರೆದುಕೊಂಡರು. ಅಂಥ ಕಡೆ ನಾನು ವಿವರಣೆ ನಿಲ್ಲಿಸಿಬಿಡುತ್ತೇನೆ.

ಪೆನ್ಜಾನ್ಸ್ ಬಳಿಯ ಟ್ರೆಂಗ್ವೇಂಟನ್‌ನಲ್ಲಿ ಮಾತ್ರ ಬಿಡದೆ ಹೇಳಬೇಕಾದ ಎರಡು ಸಂಗತಿಗಳಿವೆ. ಬಿಸಿಲು ಹೀರಲೆಂದು ಇಳಿಜಾರಾಗಿ ಕಟ್ಟಿದ ಪಾತಿಗಳಿರುವ ಅಲ್ಲಿನ ಗೋಡೆತೋಟವನ್ನು ರೋಸ್ ಪ್ರೈಸ್ ಎಂಬಾತ ಕಟ್ಟಿಸಿದ್ದು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದ ಹಣದಲ್ಲಿ. ಸಸ್ಯಸಂಗ್ರಾಹಕ ಕಿಂಗ್‌ಡನ್ ವಾರ್ಡ್ 1927–28ರಲ್ಲಿ ಅಸ್ಸಾಂ ಮತ್ತು ಬರ್ಮಾ ಕಡೆಯಿಂದ ತಂದ ಬೀಜಗಳ ಗಿಡಗಳು ಅಲ್ಲಿವೆ. ಹಳದಿ ಹೂವಿನ ದೊಡ್ಡೆಲೆಯ ಮಕಬೀನಮ್ ಎಂಬ ರೋಡೋಡೆಂಡ್ರಾನ್ ಜಾತಿ ನಾಗಾ ಬೆಟ್ಟಗಳದ್ದು. ಇಂಗ್ಲಿಷ್ ತೋಟ ಎಂದು ನೋಡಲು ಬಂದವರು ನಮ್ಮ ಈಶಾನ್ಯದ ಗಿಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಐತಿಹಾಸಿಕ ತೋಟವಲ್ಲದಿದ್ದರೂ ದೊಡ್ಡ ಗುಮ್ಮಟಗಳೊಳಗೆ ಗಿಡಗಳನ್ನು ಬೆಳೆಸಿರುವ ಈಡನ್ ಪ್ರಾಜೆಕ್ಟ್‌ಗೆ ಕರೆದೊಯ್ಯುತ್ತೇನೆ. ಬರಿದಾದ ಜೇಡಿಮಣ್ಣಿನ ಗಣಿಯ ಹೊಂಡದಲ್ಲಿ ಅದು ತೆರೆದದ್ದು 2001ರ ಮಾರ್ಚ್‌ನಲ್ಲಿ. ನಮ್ಮ ಚಿನ್ನದ ಗಣಿ ಮುಚ್ಚಿದ್ದು ಅದೇ ವರ್ಷದ ಫೆಬ್ರವರಿ 28ರಂದು. ಗುಮ್ಮಟದೊಳಗಿನ ಬಾಳೆಗಿಡಗಳು ನಮ್ಮವರಿಗೆ ನಗು ತರಿಸುತ್ತವೆ, ಆದರೆ ಗಣಿಯ ತ್ಯಾಜ್ಯಕ್ಕೆ ಕಾಂಪೋಸ್ಟ್ ಬೆರೆಸಿ ಮಣ್ಣನ್ನೇ ತಯಾರಿಸಿದರೆಂದಾಗ ‘ನಮ್ಮ ಸೈನೈಡ್ ಗುಡ್ಡಕ್ಕೂ ಹೀಗೆ ಮಾಡಬಹುದಲ್ಲ’ ಎಂಬ ಚರ್ಚೆ ಊಟದವರೆಗೂ ನಡೆಯುತ್ತದೆ. ಜೇಡಿಮಣ್ಣಿನ ತ್ಯಾಜ್ಯವೂ ಸೈನೈಡ್ ಹಾಕಿ ಚಿನ್ನ ತೆಗೆದ ಮಣ್ಣೂ ಒಂದೇ ಅಲ್ಲ ಎಂದು ನಾನು ಪ್ರತಿ ಸಲವೂ ನೆನಪಿಸಬೇಕಾಗುತ್ತದೆ.

ಊಟಕ್ಕೆ ತೊಂದರೆಯೇನಿಲ್ಲ. ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸುವ ಅಲ್ಲಿನ ತಿನಿಸು ಪ್ಯಾಸ್ಟಿ. ಕಾರ್ನಿಷ್ ಪ್ಯಾಸ್ಟಿ ಎಂಬ ಹೆಸರಿಗೆ ಕಾನೂನಿನ ರಕ್ಷಣೆ ಇದ್ದು ಅದರಲ್ಲಿ ದನದ ಮಾಂಸ ಇರಲೇಬೇಕಾದ್ದರಿಂದ, ಸಸ್ಯಾಹಾರಿಗಳು ಚೀಸ್ ಮತ್ತು ಈರುಳ್ಳಿಯ ಪ್ಯಾಸ್ಟಿಯನ್ನೇ ಕೇಳಿ ಪಡೆಯಬೇಕು. ಚಟ್ನಿಪುಡಿ ಎಲ್ಲರ ಚೀಲದಲ್ಲೂ ಹೇಗೂ ಇರುತ್ತದೆ.

ಕೊನೆಯ ದಿನ ನಮ್ಮ ಗುಂಪಿನ ನರ್ಸರಿಯವರು ಒಂದು ಕಡ್ಡಿಯನ್ನಾದರೂ ಒಯ್ಯೋಣ ಎನ್ನುತ್ತಾರೆ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಗಿಡವನ್ನಾಗಲಿ ಬೀಜವನ್ನಾಗಲಿ ಭಾರತಕ್ಕೆ ತರುವಂತಿಲ್ಲ. ತಂದರೂ ಪ್ರಯೋಜನವಿಲ್ಲ: ಕ್ಯಾಮೆಲಿಯಾ, ರೋಡೋಡೆಂಡ್ರಾನ್ ಎರಡಕ್ಕೂ ಹುಳಿ ಮಣ್ಣು, ತಂಪು ಬೇರು ಬೇಕು; ನಮ್ಮ ಕೊಳವೆಬಾವಿಯ ಗಡಸು ನೀರು ಎರೆದರೆ ಎಲೆ ಹಳದಿಯಾಗಿ ಸೊರಗುತ್ತವೆ. ಟ್ರೆಬಾದಲ್ಲಿ ನೀಲಿಯಾಗಿ ಅರಳುವ ಹೈಡ್ರೇಂಜಿಯಾ ನಮ್ಮಲ್ಲಿ ಬದುಕಿದರೂ ಆ ನೀರಿಗೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬೆಳೆಸಲೇಬೇಕೆನ್ನುವವರಿಗೆ ಕುಂಡದಲ್ಲಿ ನೆಟ್ಟು, ಸಂಗ್ರಹಿಸಿದ ಮಳೆನೀರನ್ನೇ ಹಾಕಿ ಎಂದು ಹೇಳಿ ಕಳುಹಿಸುತ್ತೇನೆ.