ಅರಗಿನ ತಟ್ಟೆ ಹರಾಜು ಹಾಕಿ ಒಡೆಯದೆ ತಲುಪಿಸಿದ್ದು: ನನ್ನ ಅನುಭವ

78 ಆರ್‌ಪಿಎಂ ತಟ್ಟೆಗಳನ್ನು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ಗ್ರಾಮಫೋನ್ ರೆಕಾರ್ಡುಗಳನ್ನು, ಆನ್‌ಲೈನ್ ಹರಾಜಿಗೆ ಹಾಕಿ ಅಂಚೆಯಲ್ಲಿ ಕಳಿಸುತ್ತೇನೆ ಅಂದಾಗ ನಮ್ಮ ರೆಕಾರ್ಡು ಸಂಗ್ರಹಕಾರರ ಗುಂಪಿನ ಹಿರಿಯರು ಒಪ್ಪಲಿಲ್ಲ. "ಎಲ್‌ಪಿ ಎಲ್ಲಿಗೆ ಬೇಕಾದರೂ ಕಳಿಸಿ ಸ್ವಾಮಿ, ಅರಗಿನ ತಟ್ಟೆ ಮಾತ್ರ ಕೈಯಿಂದ ಕೈಗೇ ಕೊಡಬೇಕು" ಅನ್ನುವುದು ಅವರ ಮಾತು (ಎಲ್‌ಪಿ ಅಂದರೆ ಆಮೇಲೆ ಬಂದ ಪ್ಲಾಸ್ಟಿಕ್ ತಟ್ಟೆ). ಕಳೆದ ಎರಡು ಮಳೆಗಾಲ ದಾಟಿದೆ, ನನ್ನ ಪೆಟ್ಟಿಗೆಯಲ್ಲಿ ಒಂದು ತಟ್ಟೆಯೂ ಒಡೆದಿಲ್ಲ. ಗುವಾಹಟಿಗೆ ಹೋಗಿದೆ, ಜೋಧ್‌ಪುರಕ್ಕೆ ಹೋಗಿದೆ, ಇಂಗ್ಲೆಂಡಿಗೂ ಹೋಗಿದೆ. ಈಗ ಅದೇ ಹಿರಿಯರಲ್ಲಿ ಇಬ್ಬರು ತಮ್ಮ ತಟ್ಟೆಗಳನ್ನು ನನ್ನ ಹತ್ತಿರವೇ ಪ್ಯಾಕ್ ಮಾಡಿಸುತ್ತಾರೆ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ತಟ್ಟೆ ತೊಳೆಯುವುದು, ಅದರ ಸ್ಥಿತಿ ನೋಡಿ ಗ್ರೇಡ್ ಹಾಕುವುದು ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ. ಹಾಗಾಗಿ ನೇರ ಒಡೆಯುವ ವಿಷಯಕ್ಕೇ ಬರುತ್ತೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಬಬಲ್ ರ‍್ಯಾಪ್ ಸುತ್ತಿದೆ. ನಾಲ್ಕು ಸುತ್ತು, ಐದು ಸುತ್ತು. ಮೇಲೆ ಕೆಂಪು ಅಕ್ಷರದಲ್ಲಿ "ಗಾಜು, ಜೋಪಾನ" ಅಂತ ಬರೆದೆ. ಸುಮಾರು ಮೂರಕ್ಕೆ ಒಂದು ಪಾರ್ಸೆಲ್‌ನಲ್ಲಿ ಏನಾದರೂ ಒಡೆದಿರುತ್ತಿತ್ತು. ತಟ್ಟೆ ಎಲ್ಲಿ ಸೀಳಿದೆ ಅಂತ ಕೊಂಡವರಿಂದ ಫೋಟೋ ತರಿಸಿಕೊಂಡು ಜೋಡಿಸಿ ನೋಡಿದೆ. ಅಂಚಿನಲ್ಲಿ ಚೂರು ಹೋಗಿದ್ದು ಕಡಿಮೆ. ಬಹುತೇಕ ಎಲ್ಲವೂ ನಡುವೆ, ಲೇಬಲ್ ದಾಟಿ ಸೀಳಿದ್ದವು. ಅಂದರೆ ಕೆಳಗೆ ಬಿದ್ದು ಒಡೆದದ್ದಲ್ಲ, ಮೇಲೆ ಭಾರ ಬಿದ್ದು ಬಾಗಿ ಒಡೆದದ್ದು. ಬಬಲ್ ರ‍್ಯಾಪ್ ಮೆತ್ತಗಿದೆ. ಮೇಲೊಂದು ಮೂಟೆ ಬಿದ್ದರೆ ಅದು ಕುಗ್ಗುತ್ತದೆ, ಒಳಗಿನ ತಟ್ಟೆ ಬಾಗುತ್ತದೆ. ಎಲ್‌ಪಿ ಬಾಗಿದರೆ ಮತ್ತೆ ನೆಟ್ಟಗಾಗುತ್ತದೆ. ಅರಗಿಗೆ ಆ ಗುಣ ಇಲ್ಲ. ಜೋಪಾನ ಅಂತ ಬರೆದದ್ದರಿಂದ ಕಿಂಚಿತ್ತೂ ವ್ಯತ್ಯಾಸ ಆಗಲಿಲ್ಲ. ಆಮೇಲೆ ಬರೆಯುವುದನ್ನೇ ಬಿಟ್ಟೆ.

ಆ ಮೊದಲ ವರ್ಷದಲ್ಲಿ ವಾಪಸ್ ಕೊಟ್ಟ ಹಣವೇ ಹದಿನೈದು ಸಾವಿರದ ಆಸುಪಾಸು. ಅಂಚೆ ಖರ್ಚು ಬೇರೆ. ಒಂದು ಖಾಸಗಿ ಕೊರಿಯರ್‌ನಲ್ಲಿ ವಿಮೆ ಕಟ್ಟಿ ಕಳಿಸಿದ, ನಾಟಕವೊಂದರ ಆರು ತಟ್ಟೆಯ ಸೆಟ್ಟಿನಲ್ಲಿ ನಾಲ್ಕು ತಟ್ಟೆ ಚೂರಾಗಿ ತಲುಪಿದವು. ಕೇಳಿದರೆ "ಪ್ಯಾಕಿಂಗ್ ಸರಿ ಇಲ್ಲ" ಅಂದರು, ಒಂದು ರೂಪಾಯಿ ಬರಲಿಲ್ಲ. ಹಣಕ್ಕಿಂತ ಹೊಟ್ಟೆ ಉರಿದದ್ದು ಆ ಸೆಟ್ಟಿಗೆ. ಅರವತ್ತು ಎಪ್ಪತ್ತು ವರ್ಷ ಯಾರದ್ದೋ ಮನೆಯಲ್ಲಿ ಉಳಿದಿದ್ದ ದನಿ ನಾಲ್ಕು ದಿನದ ಪ್ರಯಾಣದಲ್ಲಿ ಹೋಯಿತು. ಅಂಥದ್ದು ಇನ್ನೊಂದು ಎಲ್ಲಿಂದ ತರುವುದು?

ಮುಂದಿನ ಪ್ರಯೋಗ ಥರ್ಮೋಕೋಲ್. ಅದು ಭಾರಕ್ಕೆ ತಾನೇ ಮುರಿಯುತ್ತದೆ. ಅದರ ಕಾಳುಗಳು ತಟ್ಟೆಯ ಮೇಲಿನ ದನಿಯ ಗೆರೆಗಳಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಆಮೇಲೆ ಪ್ಲೈವುಡ್. ನಾಲ್ಕು ಮಿಲಿಮೀಟರ್ ಪ್ಲೈವುಡ್ ಎರಡು ತುಂಡು, ನಡುವೆ ತಟ್ಟೆ. ಒಡೆಯಲಿಲ್ಲ, ನಿಜ. ಆದರೆ ಪ್ಲೈವುಡ್ಡೇ ನಾನೂರು ಗ್ರಾಂ ಹತ್ತಿರ ತೂಗುತ್ತದೆ. ಹತ್ತಿಂಚಿನ ತಟ್ಟೆಯ ತೂಕವೇ ಇನ್ನೂರು ಗ್ರಾಂ ಚಿಲ್ಲರೆ. ಇನ್ನೂರೈವತ್ತು ರೂಪಾಯಿಗೆ ಹರಾಜಾದ ತಟ್ಟೆಗೆ ಅಷ್ಟೇ ಅಂಚೆ ಖರ್ಚು ಕೊಡುವವರು ಯಾರು?

ಕೊನೆಗೆ ಕೈ ಹಿಡಿದದ್ದು ರಟ್ಟು. ಸುಮ್ನೆ ರಟ್ಟಲ್ಲ, ಅದನ್ನು ಇಡುವ ರೀತಿ. ರಟ್ಟಿನೊಳಗೆ ಅಲೆ ಅಲೆಯಾದ ಗೆರೆ ಇರುತ್ತದಲ್ಲ, ಅದು ಒಂದು ದಿಕ್ಕಿಗೆ ಸುಲಭವಾಗಿ ಮಡಚುತ್ತದೆ, ಇನ್ನೊಂದು ದಿಕ್ಕಿಗೆ ಮಡಚುವುದಿಲ್ಲ. ಎರಡು ರಟ್ಟನ್ನು ಒಂದರ ಗೆರೆ ಅಡ್ಡ, ಇನ್ನೊಂದರ ಗೆರೆ ಉದ್ದ ಬರುವ ಹಾಗೆ ಅಂಟಿಸಿದರೆ ಯಾವ ಕಡೆಗೂ ಬಾಗುವುದಿಲ್ಲ. ತೂಕ ಪ್ಲೈವುಡ್‌ನ ಅರ್ಧವೂ ಇಲ್ಲ. ಹತ್ತಿಂಚಿನ ತಟ್ಟೆಗೆ 28 ಸೆಂಟಿಮೀಟರ್ ಚೌಕ ಕತ್ತರಿಸುತ್ತೇನೆ. ತಟ್ಟೆ 25 ಸೆಂಟಿಮೀಟರ್ ಇರುವುದರಿಂದ ನಾಲ್ಕೂ ಕಡೆ ಒಂದೂವರೆ ಸೆಂಟಿಮೀಟರ್ ರಟ್ಟು ಹೊರಗೆ ಉಳಿಯುತ್ತದೆ. ಪೆಟ್ಟು ಬಿದ್ದರೆ ಅದು ರಟ್ಟಿನ ಮೂಲೆಗೆ ಬೀಳಲಿ ಅಂತ.

ಒಂದೊಂದು ತಟ್ಟೆಗೂ ಹೊಸ ಕಾಗದದ ಲಕೋಟೆ. ಎರಡು ತಟ್ಟೆಗಳ ನಡುವೆ ಒಂದು ರಟ್ಟು. ಮೇಲೆ ಕೆಳಗೆ ಅಡ್ಡ-ಉದ್ದದ ಜೋಡಿ ರಟ್ಟು. ಲೇಬಲ್ ಇರುವ ನಡುಭಾಗಕ್ಕೆ ಒಂದು ಸಣ್ಣ ಮೆತ್ತೆ ಇಡುತ್ತೇನೆ, ಭಾರ ಅಲ್ಲೇ ಸೇರಬಾರದು. ಆ ಮೆತ್ತೆ ಯಾವುದರದ್ದು, ಎಷ್ಟು ದಪ್ಪ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಒಡೆದ ತಟ್ಟೆಗಳ ಲೆಕ್ಕವೇ ಇಲ್ಲ, ಅಷ್ಟು ನನ್ನ ಹತ್ತಿರ ಇರಲಿ. ಪೂರ್ತಿ ಕಟ್ಟನ್ನು ನಾಲ್ಕೂ ಕಡೆ ಟೇಪ್ ಹಾಕಿ ಬಿಗಿ ಮಾಡಬೇಕು. ತಟ್ಟೆ ಒಳಗೆ ಜಾರಬಾರದು, ಹಾಗಂತ ಹಿಸುಕಲೂಬಾರದು. ಮೇಲೆ ಪಾಲಿಥೀನ್ ಚೀಲ, ಮಳೆಗೆ. ಈಗ ಬಬಲ್ ರ‍್ಯಾಪ್ ಸುತ್ತಿ. ಅದರ ಜಾಗ ಕಟ್ಟಿನ ಹೊರಗೆ, ಒಳಗೆ ಅಲ್ಲ. ಇಷ್ಟನ್ನೂ ಹೊರಗಿನ ಫೈವ್ ಪ್ಲೈ (ಐದು ಪದರದ) ರಟ್ಟಿನ ಪೆಟ್ಟಿಗೆಯ ನಡುವೆ ಇಟ್ಟು, ಎಲ್ಲ ಕಡೆ ಹಳೇ ಪೇಪರನ್ನು ಗಟ್ಟಿಯಾಗಿ ಉಂಡೆ ಮಾಡಿ ತುರುಕುತ್ತೇನೆ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೂ ಅಲುಗಬಾರದು.

ಇದನ್ನು ಗುಂಪಿನವರು ನಂಬಲಿಲ್ಲ. ಅದಕ್ಕೆ ಮಾರಲಾಗದ ಸವೆದ ತಟ್ಟೆ ಮೂರು ತೆಗೆದುಕೊಂಡು ಒಳಗಿನ ಕಟ್ಟನ್ನಷ್ಟೇ ಮಾಡಿ, ನೆಲದ ಮೇಲಿಟ್ಟು ಅದರ ಮೇಲೆ ನಿಂತೆ. ನನ್ನ ತೂಕ ಎಪ್ಪತ್ತು ಕೆಜಿ ದಾಟಿದೆ. ಆಮೇಲೆ ಪೆಟ್ಟಿಗೆಯೊಳಗೆ ಹಾಕಿ ಸೊಂಟದೆತ್ತರದಿಂದ ಮೂಲೆ ಕೆಳಗಾಗುವ ಹಾಗೆ ಬೀಳಿಸಿದೆ. ಬಿಚ್ಚಿ ಮೂರನ್ನೂ ನುಡಿಸಿ ವಿಡಿಯೋ ಹಾಕಿದೆ. ಅವತ್ತಿನಿಂದ ಹರಾಜಿನಲ್ಲಿ ನನ್ನ ತಟ್ಟೆಗಳಿಗೆ ಬಿಡ್ ಏರಿತು. ದೂರದವರಿಗೆ ಇದ್ದ ಭಯ ಅದೊಂದೇ ಆಗಿತ್ತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಪೇಪರ್ ಉಂಡೆ ಬದಲು ಮಂಡಕ್ಕಿ ತುಂಬಿದೆ. ಹಗುರ, ಅಗ್ಗ, ಒತ್ತಡವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ತೇವಕ್ಕೆ ಮೆತ್ತಗಾಗಿ ಕುಸಿಯಿತು, ಪಾರ್ಸೆಲ್ ತಲುಪುವಷ್ಟರಲ್ಲಿ ಇರುವೆ ಸಂಸಾರ ಸಮೇತ ಒಳಗಿದ್ದವು. ತೆಂಗಿನ ನಾರಿನ ಧೂಳು ತಟ್ಟೆಯ ಗೆರೆಗಳಿಗೆ ಇಳಿಯುತ್ತದೆ. ಅಡಿಕೆ ಹಾಳೆಯನ್ನು ರಟ್ಟಿನ ಬದಲು ಇಟ್ಟು ನೋಡಿದೆ. ಒಣಗಿದ್ದಾಗ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಆದರೆ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಹುಲ್ಲು ಊರೊಳಗೆ ಪರವಾಗಿಲ್ಲ, ವಿದೇಶಕ್ಕೆ ಮಾತ್ರ ಹಾಕಲೇಬೇಡಿ. ಆಸ್ಟ್ರೇಲಿಯಾದಂಥ ಕಡೆ ಗಿಡದ ಪದಾರ್ಥ ಕಂಡರೆ ತಡೆಯುತ್ತಾರೆ.

ಇನ್ನು ದುಡ್ಡಿನ ಮಾತು. ಹೊಸ ಪೆಟ್ಟಿಗೆ ನಲವತ್ತು ಐವತ್ತು ರೂಪಾಯಿ. ಟೇಪು, ಲಕೋಟೆ, ಬಬಲ್ ಎಲ್ಲ ಸೇರಿ ಒಂದು ಪಾರ್ಸೆಲ್‌ಗೆ ಎಂಬತ್ತರ ಒಳಗೆ ಮುಗಿಯುತ್ತದೆ. ಒಳಗಿನ ರಟ್ಟಿಗೆ ಕಾಸಿಲ್ಲ, ಫ್ರಿಜ್ ಅಂಗಡಿಯವರು ಹೊರಗೆ ಹಾಕಿದ ಪೆಟ್ಟಿಗೆ ಸಾಕು. ನಿಜವಾಗಿ ತಿನ್ನುವುದು ಗಾತ್ರ. ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಹಾಕುತ್ತಾರೆ. 36 x 36 x 12ರ ಪೆಟ್ಟಿಗೆ ಮೂರು ಕೆಜಿಗೂ ಮೇಲೆ ಆಗುತ್ತದೆ, ಒಳಗಿರುವುದು ಒಂದೂವರೆ ಕೆಜಿಯೇ ಆದರೂ. ಹಾಗಾಗಿ ಪೆಟ್ಟಿಗೆಯನ್ನು ನಾನೇ ಕತ್ತರಿಸಿ ಎತ್ತರ ಇಳಿಸುತ್ತೇನೆ. ಒಂದು ಸೆಂಟಿಮೀಟರ್ ಇಳಿದರೂ ಲಾಭ.

ಹರಾಜಿನಲ್ಲಿ ನನಗೆ ಲಾಭ ತಂದ ಒಂದೇ ಬದಲಾವಣೆ ಹೇಳಬೇಕೆಂದರೆ, ಗೆದ್ದ ತಟ್ಟೆಗಳನ್ನು ಹಿಡಿದಿಡುವುದು. ಒಂದು ತಟ್ಟೆ ಕಳಿಸಲು ನೂರೈವತ್ತು ಖರ್ಚಾದರೆ, ಐದು ತಟ್ಟೆಗೆ ಅದರ ದುಪ್ಪಟ್ಟೂ ಆಗುವುದಿಲ್ಲ. ಅದಕ್ಕೆ "ಗೆದ್ದದ್ದಕ್ಕೆ ಹಣ ಕೊಟ್ಟುಬಿಡಿ, ಎರಡು ತಿಂಗಳು ನನ್ನ ಕಪಾಟಿನಲ್ಲಿ ಇರಲಿ, ಒಟ್ಟಿಗೆ ಕಳಿಸುತ್ತೇನೆ" ಅಂದೆ. ಆಗ ಜನ ಅಂಚೆ ಖರ್ಚನ್ನು ಹಂಚಿಹಾಕಲು ತಾವಾಗಿಯೇ ಇನ್ನೊಂದು ಎರಡು ತಟ್ಟೆಗೆ ಬಿಡ್ ಮಾಡತೊಡಗಿದರು. ನೂರು ರೂಪಾಯಿಯಲ್ಲಿ ಮಲಗಿರುತ್ತಿದ್ದ ಸಾಮಾನ್ಯ ಸಿನಿಮಾ ಹಾಡುಗಳೂ ಎದ್ದವು.

ಹರಾಜನ್ನು ಭಾನುವಾರ ರಾತ್ರಿ ಒಂಬತ್ತೂವರೆಗೆ ಮುಗಿಸುತ್ತೇನೆ, ಕ್ರಿಕೆಟ್ ಮ್ಯಾಚ್ ಇರುವ ದಿನ ಬಿಟ್ಟು. ಕೊನೆಯ ಐದು ನಿಮಿಷದಲ್ಲಿ ಬಿಡ್ ಬಂದರೆ ಇನ್ನೂ ಐದು ನಿಮಿಷ. ಪ್ರತಿ ತಟ್ಟೆಗೂ ಅರ್ಧ ನಿಮಿಷ ನುಡಿಸಿದ ವಿಡಿಯೋ ಹಾಕುತ್ತೇನೆ. ಕೂದಲೆಳೆ ಬಿರುಕಿದ್ದರೆ ಅದರ ಫೋಟೋವನ್ನೇ ಮೊದಲು ಹಾಕುತ್ತೇನೆ. ಯುಪಿಐ ಸ್ಕ್ರೀನ್‌ಶಾಟ್ ನಂಬುವುದಿಲ್ಲ, ನನ್ನ ಖಾತೆಯಲ್ಲಿ ಹಣ ಕಂಡ ಮೇಲೇ ಟೇಪ್ ಕೈಗೆತ್ತಿಕೊಳ್ಳುವುದು. ಗೆದ್ದು ಹಣ ಕೊಡದವರಿಗೆ ಎರಡು ದಿನದ ಗಡುವು, ಆಮೇಲೆ ಎರಡನೆಯ ಬಿಡ್‌ದಾರರಿಗೆ ಹೋಗುತ್ತದೆ.

ವಿದೇಶದ ದಾರಿ ಬೇರೆ. ಇಬೇ ಅನ್ನುವ ಹರಾಜು ಜಾಲತಾಣದಲ್ಲಿ ಹಾಕಲು ಐಇಸಿ, ಅಂದರೆ ಆಮದು-ರಫ್ತು ಸಂಖ್ಯೆ ಬೇಕು, ಶುಲ್ಕ 500 ರೂಪಾಯಿ. ಹಣ ಪಯೋನಿಯರ್ ಅನ್ನುವ ಪಾವತಿ ಸೇವೆಯ ಮೂಲಕ ಬರುತ್ತದೆ. ಅಂಚೆಯ ಸ್ಮಾಲ್ ಪ್ಯಾಕೆಟ್ 2025ರ ಕೊನೆಯವರೆಗೆ ಇತ್ತು, ಅದಕ್ಕೆ ಮಿತಿ ಎರಡು ಕೆಜಿ. ನನ್ನ ಪ್ಯಾಕಿಂಗ್‌ನಲ್ಲಿ ನಾಲ್ಕು ತಟ್ಟೆ ಅದರೊಳಗೆ ಕೂರುತ್ತಿದ್ದವು. ಕಸ್ಟಮ್ಸ್ ಫಾರಂನಲ್ಲಿ "ಹಳೆಯ ಸಾಮಾನು" ಅಂತ ಬರೆಯಬೇಡಿ, ಪ್ರಶ್ನೆ ಬರುತ್ತದೆ. "ಬಳಸಿದ ಗ್ರಾಮಫೋನ್ ರೆಕಾರ್ಡು" ಅಂತ ಇಂಗ್ಲಿಷಿನಲ್ಲಿ ಬರೆದು ಸುಂಕದವರು ಸರಕು ಗುರುತಿಸುವ 8523 80 10 ಅನ್ನುವ ಎಚ್‌ಎಸ್ ಸಂಖ್ಯೆ ಹಾಕಿ. ಕೌಂಟರ್‌ನವರಿಗೂ ಕೆಲಸ ಹಗುರ.

ನೂರು ವರ್ಷ ದಾಟಿದ ತಟ್ಟೆಗಳನ್ನು ನಾನು ಹೊರದೇಶಕ್ಕೆ ಹಾಕುವುದೇ ಇಲ್ಲ. 1972ರ ಪುರಾವಸ್ತು ಕಾಯ್ದೆ ನೂರು ವರ್ಷದ ಲೆಕ್ಕ ಹಿಡಿಯುತ್ತದೆ. ಕಾನೂನು ಬದಿಗಿಟ್ಟರೂ ನನಗೆ ಮನಸ್ಸಿಲ್ಲ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆಯಾಗಿ ಬಂತು. ಆಕೆ ಕೊನೆಗಾಲ ಕಳೆದು 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ. ಆಕೆಯ ಒಂದು ತಟ್ಟೆ ನನಗೆ ಸಿಕ್ಕಿತು. ಹೊರಗಿನವರು ಒಳ್ಳೇ ಬೆಲೆ ಹೇಳಿದರು. ಕೊಡಲಿಲ್ಲ, ಇಲ್ಲೇ ಇದೆ.

ಹೊರಗಿನವರು ನಿಜಕ್ಕೂ ಹುಡುಕುವುದು ಇನ್ನೊಂದನ್ನು. ಇಂಗ್ಲೆಂಡಿನಲ್ಲಿ 78 ನಿಂತುಹೋದ ಮೇಲೂ ನಮ್ಮಲ್ಲಿ ಅರಗಿನ ತಟ್ಟೆ ಅಚ್ಚೊತ್ತುತ್ತಲೇ ಇದ್ದರು, ಕರೆಂಟಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನೇ ಇತ್ತಲ್ಲ. ಹಾಗಾಗಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78ರಲ್ಲಿ ಬಂದವು. ಪಾರ್ಲೋಫೋನ್ ಲೇಬಲ್, ಸಂಖ್ಯೆಗೆ ಮುಂದೆ ಡಿಪಿಇ ಅಂತ ಇರುತ್ತದೆ. ಗುಜರಿಯಲ್ಲಿ ಕಂಡರೆ ಬಿಡಬೇಡಿ. ಕೆಜಿಎಫ್ ಕಡೆಯ ಒಂದು ಮನೆಯಿಂದ ಎರಡು ಸಾವಿರ ಕೊಟ್ಟು ತಂದ ಪೆಟ್ಟಿಗೆಯ ತಳದಲ್ಲಿ ಒಂದಿತ್ತು. ಹತ್ತು ದಿನದ ಹರಾಜಿನಲ್ಲಿ ಇಪ್ಪತ್ತು ಸಾವಿರ ದಾಟಿತು. ಶುರುವಿನ ಬೆಲೆ ಎಷ್ಟಿಟ್ಟೆ ಅನ್ನುವುದು ನನ್ನ ಎರಡನೆಯ ಗುಟ್ಟು. ಪ್ಯಾಕ್ ಮಾಡುವಾಗ ಮಾತ್ರ ಆ ಒಂದಕ್ಕೇ ಅರ್ಧ ದಿನ ತೆಗೆದುಕೊಂಡೆ. ಕೊಂಡವರು ಬಿಚ್ಚುವ ವಿಡಿಯೋ ಕಳಿಸಿದರು, ರಟ್ಟಿನ ಮೂಲೆ ಜಜ್ಜಿಹೋಗಿತ್ತು, ತಟ್ಟೆ ಹಾಗೇ ಇತ್ತು.

ಅಮೆರಿಕಕ್ಕೆ ಹಾಕುವವರು ಒಂದು ಗಮನಿಸಿ. 2025ರ ಆಗಸ್ಟ್ ಕೊನೆಯಲ್ಲಿ ಅಲ್ಲಿಗೆ ಅಂಚೆ ಪಾರ್ಸೆಲ್ ನಿಂತಿತ್ತು, ಅಕ್ಟೋಬರ್ ನಡುವೆ ಮತ್ತೆ ಶುರುವಾಯಿತು. ಆಗ ಸುಂಕವನ್ನು ಇಲ್ಲೇ ಕಟ್ಟಿ ಕಳಿಸುವ ನಿಯಮ ಬಂತು. ಆ ಖರ್ಚನ್ನು ನಾನು ಲಿಸ್ಟಿಂಗ್‌ನಲ್ಲೇ ಬೇರೆ ಸಾಲಾಗಿ ಬರೆಯುತ್ತೇನೆ. ಬಿಡ್ ಸ್ವಲ್ಪ ಇಳಿದಿದೆ, ಆದರೆ ಪಾರ್ಸೆಲ್ ಬಾಗಿಲಿಗೆ ಬಂದ ಮೇಲೆ ಜಗಳ ಇಲ್ಲ. ಹನ್ನೆರಡಿಂಚಿನ ತಟ್ಟೆಗಳಿಗೆ ಇದೇ ಕ್ರಮ, ರಟ್ಟು 33 ಸೆಂಟಿಮೀಟರ್ ಮಾಡಿ, ಮೇಲೆ ಕೆಳಗೆ ಇನ್ನೊಂದೊಂದು ರಟ್ಟು ಸೇರಿಸಿ.